ಹನ್ನೆರಡನೆಯ ಮನೆಯ ನೀರು

ನನ್ನ ಕೈ ಒಣಕಲು ಎಂಬುದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಯಾರೂ ಅದನ್ನು ಬೆನ್ನ ಹಿಂದೆ ಹೇಳುವುದಿಲ್ಲ, ಎದುರಿಗೇ ಹೇಳುತ್ತಾರೆ. ಕೆರೆಬೀದಿಯ ದೀಪಗಳ ಪುಟ ನಾನು ಬರೆದದ್ದು. ಅವು ಸರಿಯಾಗಿ ಆರೂ ಕಾಲಿಗೆ ಹತ್ತುತ್ತವೆ, ಬೆಳಿಗ್ಗೆ ಸರಿಯಾಗಿ ಐದೂ ಮುಕ್ಕಾಲಿಗೆ ಆರುತ್ತವೆ, ಅಷ್ಟೇ. ಪಕ್ಕದ ಬೀದಿಯ ಪುಟ ಬರೆದವಳು ಹೂವಿನಂಗಡಿಯ ಕಲ್ಯಾಣಿ. ಅಲ್ಲಿನ ದೀಪಗಳು, ಕೆಳಗೆ ಯಾರಾದರೂ ಬಿದ್ದ ಬೀಗದಕೈ ಹುಡುಕುತ್ತಿದ್ದರೆ ಅದು ಸಿಗುವ ತನಕ ಕಾಯುತ್ತವೆ. ಹಾಗೆ ಮಾಡಿ ಎಂದು ಅವಳೇನೂ ಬರೆದಿಲ್ಲ. ಎರಡೂ ಪುಟಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದೇನೆ, ಸಾಲು ಸಾಲೂ ಒಂದೇ. ಬರೆದ ಕೈ ಮಾತ್ರ ಬೇರೆ.

ನಮ್ಮೂರಿನ ನೀರು, ದೀಪ, ಶಾಲೆಯ ಗಂಟೆ, ಬೇಕರಿಯ ಒಲೆ, ಕಾಲುವೆಯ ತೂಬು ಎಲ್ಲವನ್ನೂ ನಡೆಸುವುದು ಸರಾಗ ಎನ್ನುವ ಸಾಫ್ಟ್‌ವೇರ್. ಅದು ಯಾರೊಬ್ಬರ ಸೊತ್ತೂ ಅಲ್ಲ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಪ್ಪು ಕಂಡರೆ ತಿದ್ದಬಹುದು. ನಾವು ಹೆಸರೇ ಕೇಳಿರದ ಊರುಗಳಿಂದ ತಿದ್ದುಪಡಿಗಳು ಬರುತ್ತವೆ, ನಾವೂ ಕಳಿಸುತ್ತೇವೆ. ಬೇರೆ ಕಡೆ ಸಾಫ್ಟ್‌ವೇರ್ ಮೊದಲಂತೆ, ಅದರ ಕೈಪಿಡಿ ಆಮೇಲಂತೆ, ಅದನ್ನು ಯಾರೂ ಓದುವುದೂ ಇಲ್ಲವಂತೆ. ನಮ್ಮಲ್ಲಿ ಕೈಪಿಡಿಯಲ್ಲಿ ಏನಿದೆಯೋ ಸರಾಗ ಅದನ್ನೇ ಮಾಡುತ್ತದೆ. ಒಂದು ಹಾಳೆಯ ಮೇಲೆ ಕೈಯಾರೆ ಬರೆದು, ಸ್ಕ್ಯಾನರಿನ ಗಾಜಿನ ಮೇಲೆ ಬೋರಲು ಹಾಕಿದರೆ ಮುಗಿಯಿತು. ಅಂದಿನಿಂದ ಆ ಯಂತ್ರಕ್ಕೆ ಬರೆದವರ ಗುಣ. ಆಮೇಲೆ ಇನ್ನೊಬ್ಬರು ಒಂದೇ ಒಂದು ಅಂಕಿ ತಿದ್ದಿದರೂ ಪುಟವೆಲ್ಲ ತಿದ್ದಿದವರ ಗುಣಕ್ಕೆ ತಿರುಗುತ್ತದೆ. ಒಂದೇ ಯಂತ್ರಕ್ಕೆ ಎರಡು ಪುಟ ಕೊಟ್ಟು ನೋಡಿದ್ದೂ ಆಗಿದೆ. ಸರಾಗ ಯಾವುದನ್ನೂ ಮಾಡದೆ ಮೂರು ದಿನ ಮುನಿಸಿಕೊಂಡು ನಿಂತಿತ್ತು.

ಈ ಪುಟಗಳನ್ನೆಲ್ಲ ಕಾಪಾಡುವ, ಹಳತಾದದ್ದನ್ನು ತಿದ್ದುವ ಜಾಗಕ್ಕೆ ಕೈಪಿಡಿ ಮನೆ ಎನ್ನುತ್ತೇವೆ. ಅಲ್ಲಿ ನಾನು, ಮತ್ತು ನನಗಿಂತ ಮೊದಲಿನಿಂದ ಇರುವ ಪದ್ಮರಾಜಯ್ಯನವರು. ಶಾಲೆಯ ಗಂಟೆಯ ಪುಟ ಅವರದು. ಹಾಗಾಗಿ ನಮ್ಮೂರ ಶಾಲೆಯ ಗಂಟೆ ಬಾರಿಸುವ ಮುಂಚೆ ಒಂದು ಗಳಿಗೆ ಯೋಚನೆ ಮಾಡುತ್ತದೆ. ನಮ್ಮಲ್ಲಿ ಎರಡೇ ನಿಯಮ. ಒಂದು, ತಿದ್ದುಪಡಿಯ ಚೀಟಿ ಎಂಟು ದಿನ ಬೋರ್ಡಿನ ಮೇಲಿರಬೇಕು, ಅಷ್ಟರೊಳಗೆ ಒಬ್ಬರು ಬೇಡ ಎಂದರೂ ತಿದ್ದುವಂತಿಲ್ಲ. ಎರಡು, ತನ್ನ ಮನೆಗೆ ಸೇರಿದ ಸಾಲನ್ನು ತಾನೇ ಬರೆಯುವಂತಿಲ್ಲ. ಹಿಂದೆ ಒಬ್ಬ ಮಹಾರಾಯ ತನ್ನ ಮನೆಗೆ ಎರಡು ಪಾಲು ನೀರು ಬರೆದುಕೊಂಡು ಅಂಗಳದಲ್ಲಿ ಬಾತುಕೋಳಿ ಸಾಕಿದ ಮೇಲೆ ಬಂದ ನಿಯಮ ಇದು.

ಇನ್ನು ಕುಂಬಾರಗೇರಿಯ ನೀರಿನ ವಿಷಯ. ಆ ಕೇರಿಯಲ್ಲಿ ಹನ್ನೆರಡು ಮನೆ, ಹನ್ನೆರಡು ನಲ್ಲಿ. ಸಂಜೆ ನಾಲ್ಕಕ್ಕೆ ನಲ್ಲಿ ಮೊದಲು ಎರಡು ಸಲ ಗಂಟಲು ಸರಿಮಾಡಿಕೊಳ್ಳುತ್ತಿತ್ತು. ಆಮೇಲೆ ಸಣ್ಣ ಧಾರೆ, ಕೊಡದ ಒಳಮೈಗೆ ಒರಗಿಕೊಂಡು ಇಳಿಯುವಂಥದ್ದು. ತಳ ಮುಳುಗಿದ ಮೇಲಷ್ಟೇ ಪೂರ್ತಿ ನೀರು. ಈ ಪುಟ ಬರೆದವನು ನೀರುಗಂಟಿ ಮರಿಸ್ವಾಮಿ. ಸರಾಗ ಬರುವ ಮುಂಚೆ ಕೇರಿಕೇರಿಗೆ ಕೈಯಲ್ಲಿ ನೀರು ತಿರುಗಿಸಿ ಬಿಡುತ್ತಿದ್ದವನು ಅವನೇ. ಕೆಲಸವನ್ನು ಸರಾಗಕ್ಕೆ ಒಪ್ಪಿಸುವಾಗ ಪುಟವನ್ನೂ ಅವನೇ ಬರೆದುಕೊಟ್ಟ. ಅದರಲ್ಲಿ ಒಂದು ಕಡೆ ಹೀಗಿದೆ: "ಮೊದಲು ಸಣ್ಣಗೆ ಬಿಡಬೇಕು. ತಳಕ್ಕೆ ಬಡಿದು ಸದ್ದಾಗಬಾರದು. ಒಳಗೆ ಕೂಸು ಮಲಗಿದೆ." ಕೂಸು ಅವನದೇ, ಮದುವೆಯಾಗಿ ಎಷ್ಟೋ ವರ್ಷ ಕಾದ ಮೇಲೆ ಹುಟ್ಟಿದ್ದು. ಪುಟ ಬರೆದುಕೊಟ್ಟ ತಿಂಗಳಿಗೆಲ್ಲ ಮರಿಸ್ವಾಮಿ ಜ್ವರದಲ್ಲಿ ಹೋಗಿಬಿಟ್ಟ. ಕೂಸಿಗೆ ಆಗ ಮೂರು ತಿಂಗಳು. ಆಮೇಲಿನ ಇಪ್ಪತ್ತೆರಡು ವರ್ಷ ಆ ಕೇರಿಯಲ್ಲಿ ಒಂದು ಕೊಡದ ತಳವೂ ಸದ್ದು ಮಾಡಿರಲಿಲ್ಲ.

ಆ ಪುಟದಲ್ಲಿ ಒಂದು ತಪ್ಪಿತ್ತು. ನೀರು ಹನ್ನೊಂದು ಮನೆಗೆ ಮಾತ್ರ ಎಂದಿತ್ತು. ಬಿಟ್ಟುಹೋದದ್ದು ಅವನದೇ ಮನೆ. ಹೆಂಡತಿಯ ಮುಖ ನೋಡುತ್ತ ಎಣಿಸಿದ್ದಾನೆ, ಇನ್ನೇನಾಗುತ್ತದೆ ಎಂದು ಕೇರಿಯವರು ತಮಾಷೆ ಮಾಡುತ್ತಿದ್ದರು. ಅವನ ಹೆಂಡತಿ ದೇವೀರಮ್ಮ ಆ ತಮಾಷೆಗೆ ನಗುತ್ತಲೂ ಇದ್ದಳು, ಎರಡು ಕೇರಿ ಆಚೆಯ ಸೇದುವ ಬಾವಿಯಿಂದ ದಿನಕ್ಕೆ ನಾಲ್ಕು ಕೊಡ ಹೊತ್ತು ತರುತ್ತಲೂ ಇದ್ದಳು. ಅಕ್ಕಪಕ್ಕದವರು ತಮ್ಮ ಪಾಲಿನಲ್ಲಿ ಕೊಡಲು ಬಂದರೆ, ನೀರುಗಂಟಿ ಹೆಂಡತಿ ಇನ್ನೊಬ್ಬರ ಹತ್ತಿರ ನೀರು ಈಸಿಕೊಳ್ಳುವುದೇ ಎಂದು ಕಳಿಸಿಬಿಡುತ್ತಿದ್ದಳು. ಕೇರಿಯವರು ಮೂರು ಸಲ ತಿದ್ದುಪಡಿಯ ಚೀಟಿ ಹಾಕಿದರು. ಮೂರು ಸಲವೂ ದೇವೀರಮ್ಮ ಬಂದು, ಓದು ಬರಹ ಬಾರದವಳಾದ್ದರಿಂದ, ಸೀಮೆಸುಣ್ಣದಲ್ಲಿ ಚೀಟಿಯ ಮೇಲೆ ದೊಡ್ಡದೊಂದು ಅಡ್ಡಗೀಟು ಎಳೆದು ಹೋದಳು.

ನಾಲ್ಕನೆಯ ಚೀಟಿ ತಂದವಳು ಆ ಕೂಸೇ. ಹೆಸರು ಸಣ್ಣತಾಯಿ, ಈಗ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ. ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟು, ಅದರ ಮೇಲೆ ಕೈಯೂರಿ ನಿಂತಳು.

"ಅವ್ವ ಬಾವಿ ಮೆಟ್ಟಿಲ ಮೇಲೆ ಬಿದ್ದವ್ಳೆ ಮಂಗಳಕ್ಕ. ಸೊಂಟ ಹಿಡ್ಕಂಡದೆ. ನಾ ಬೆಳಿಗ್ಗೆ ಎರಡು ಕೊಡ ತಂದಿಟ್ಟು ಹೋಗ್ತೀನಿ, ಇಷ್ಟೇ ಸಾಕು, ಏಳ್ಬೇಡ ಅಂತೀನಿ. ಮಧ್ಯಾಹ್ನ ಮತ್ತೆ ಹೋಗ್ತಾಳೆ. ಡಾಕ್ಟ್ರು ಹೇಳವ್ರೆ, ಇನ್ನೊಂದು ಸಲ ಬಿದ್ರೆ ಮಲಗಿದ ಜಾಗದಿಂದ ಏಳಾಕಿಲ್ಲ ಅಂತ."

"ತಿದ್ದಿದರೆ ಏನಾಗುತ್ತೆ ಗೊತ್ತಲ್ಲ?" ಎಂದೆ. ಕೇಳಬಾರದಿತ್ತು, ಆದರೆ ಕೇಳುವುದು ನನ್ನ ಕೆಲಸ.

"ಗೊತ್ತು. ಅಪ್ಪ ಹೋಗ್ತಾನೆ," ಎಂದಳು. ಅವಳ ದನಿ ಗಟ್ಟಿಯಾಗಿಯೇ ಇತ್ತು. ಕೈ ಮಾತ್ರ ಚೀಟಿಯ ಮೇಲಿನಿಂದ ಏಳಲಿಲ್ಲ, ನಾನೇ ಮೆಲ್ಲಗೆ ಎಳೆದುಕೊಳ್ಳಬೇಕಾಯಿತು.

ಪದ್ಮರಾಜಯ್ಯನವರು ಕನ್ನಡಕ ಒರೆಸುತ್ತ ಕೂತಿದ್ದರು. ಅವಳು ಹೋದ ಮೇಲೆ, "ಆ ಹುಡುಗಿ ತೊಟ್ಟಿಲಿನಲ್ಲಿದ್ದಾಗಿಂದ ಆ ನಲ್ಲಿಯ ಕೆಮ್ಮನ್ನೇ ಅಪ್ಪ ಅಂತ ಕೇಳಿಸಿಕೊಂಡು ಬೆಳೆದದ್ದು. ಅವಳೇ ಬಂದು ತಿದ್ದಿ ಅಂದಳಲ್ಲ ಮಂಗಳಮ್ಮ," ಎಂದರು. ಅಷ್ಟು ಹೇಳಿ ಮತ್ತೆ ಕನ್ನಡಕ ಒರೆಸಿದರು.

ಚೀಟಿಯನ್ನು ಬೋರ್ಡಿಗೆ ಹಾಕಿದೆ. ಮಾರನೆಯ ದಿನವೇ ದೇವೀರಮ್ಮ ಗೋಡೆ ಹಿಡಿದುಕೊಂಡು, ಕುಂಟುತ್ತ ಬಂದು ಅಡ್ಡಗೀಟು ಎಳೆದಳು. ನಿಯಮದ ಪ್ರಕಾರ ಅಲ್ಲಿಗೆ ಮುಗಿಯಿತು. ನಾನು ನಿಯಮ ಬಿಟ್ಟು ಅತ್ತಿತ್ತ ಅಲುಗಾಡುವವಳಲ್ಲ, ಆದರೆ ಅವಳು ಮೆಟ್ಟಿಲಿಳಿಯುವ ರೀತಿ ನೋಡಿ ಎದ್ದೆ. ಬಾಗಿಲು ಎಳೆದುಕೊಂಡು ಹಿಂದೆಯೇ ಹೋದೆ. ಕೈ ಹಿಡಿದುಕೊಂಡರೆ ಕೊಸರಿಕೊಂಡಳು. ಕುಂಬಾರಗೇರಿ ಮುಟ್ಟುವ ಹೊತ್ತಿಗೆ ಅವಳಾಗಿಯೇ ನನ್ನ ಭುಜಕ್ಕೆ ಒರಗಿದ್ದಳು.

ಅವಳ ಮನೆಯ ಮುಂದೆ ನಲ್ಲಿ ಇತ್ತು, ಬೇರೆ ಮನೆಗಳಿಗೆ ಇದ್ದಂಥದ್ದೇ. ಅದರ ಬಾಯಿಗೆ ಜೇಡ ಬಲೆ ಕಟ್ಟಿತ್ತು. ಆ ದಿನ ಕಾರ್ಖಾನೆಗೆ ರಜೆ, ಸಣ್ಣತಾಯಿ ಜಗುಲಿಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ತಾಯಿಯ ಬೆರಳಿನ ಸುಣ್ಣ ನೋಡಿ ಮೊರವನ್ನು ದಬ್ಬಿ ಎದ್ದಳು.

"ಮತ್ತೆ ಗೀಟು ಎಳೆದು ಬಂದ್ಯಾ? ನಿಂಗೆ ನನ್ ಮೇಲೆ ಯಾಕವ್ವ ಈ ಹಟ?"

"ನಿನ್ ಮೇಲೆ ಹಟ ಅಲ್ಲ ಕಣೆ, ನಿಂಗೋಸ್ಕರ," ಎಂದು ದೇವೀರಮ್ಮ ಜಗುಲಿಗೆ ಕೈಯೂರಿ ಕೂತಳು. ನನ್ನ ಕಡೆ ತಿರುಗಿದಳು. "ನೀನೇ ಹೇಳವ್ವ ಮಂಗಳಮ್ಮ. ಇವಳಿಗೆ ಅವ್ರಪ್ಪನ ಮುಖ ನೆಪ್ಪಿಲ್ಲ. ಒಂದು ಫೋಟೋ ಇಲ್ಲ. ಆವಯ್ಯ ಮನೆಗೆ ಬರೋವಾಗ ಬಾಗ್ಲಲ್ಲಿ ಎರಡು ಸಲ ಕೆಮ್ಮಿ ಒಳೀಕ್ ಬರೋನು, ಕೂಸು ಬೆಚ್ಚಬಾರ್ದು ಅಂತ. ಆ ಕೆಮ್ಮು ಈ ಕೇರೀಲಿ ಉಳಕಂಡದೆ. ಇವಳ ಪಾಲಿಗೆ ಅಷ್ಟೇ ಅಪ್ಪ. ನಾಲ್ಕು ಕೊಡ ನೀರಿಗೆ ಅದನ್ನ ಅಳಿಸಾಕಾಯ್ತದಾ?"

"ನಂಗೆ ಅಪ್ಪ ಬೇಕು ನಿಜ ಕಣವ್ವ. ನೀನೂ ಬೇಕಲ್ಲ!" ಎಂದಳು ಸಣ್ಣತಾಯಿ. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು.

ಇಬ್ಬರ ಮಾತೂ ಸರಿ. ಇಂಥ ಸಮಯದಲ್ಲಿ ಕಲ್ಯಾಣಿಯಂಥವರು ತಲೆ ಸವರಿ ಸಮಾಧಾನ ಮಾಡುತ್ತಾರೆ. ನಾನು ಮಾಡಬಲ್ಲದ್ದು ಪುಟ ಓದುವುದೊಂದೇ. ಅದಕ್ಕೇ ಕೇಳಿದೆ, "ದೇವೀರಮ್ಮ, ಆ ಪುಟದಲ್ಲಿ ಏನಿದೆ ಅಂತ ನಿಮಗೆ ಯಾರಾದರೂ ಪೂರ್ತಿ ಓದಿ ಹೇಳಿದ್ದಾರಾ?"

ಅವಳು ಬೆರಳಿನ ಸುಣ್ಣವನ್ನು ಸೆರಗಿಗೆ ಒರೆಸಿಕೊಂಡಳು. "ಕೂಸು ಮಲಗದೆ ಅಂತದಂತೆ. ಇನ್ನೇನದೋ ಯಾರಿಗ್ಗೊತ್ತು. ನಾನು ಕೇಳ್ನೂ ಇಲ್ಲ, ಯಾರೂ ಓದ್ನೂ ಇಲ್ಲ."

ಇಪ್ಪತ್ತೆರಡು ವರ್ಷ ಕಾವಲು ಕಾದ ಪುಟವನ್ನು ಅವಳು ಕೇಳಿಯೇ ಇರಲಿಲ್ಲ. ನಾಳೆ ತಂದು ಓದುತ್ತೇನೆ ಎಂದು ಹೇಳಿ ಬಂದೆ. ಕಂಪ್ಯೂಟರಿನಲ್ಲಿರುವುದನ್ನು ಓದಿಬಿಡಬಹುದಿತ್ತು, ನಾವು ದಿನವೂ ನೋಡುವುದು ಅದನ್ನೇ. ಆದರೆ ಗಂಡನ ಅಕ್ಷರದ ಮೇಲೆ ಒಂದು ಸಲ ಕೈಯಾಡಿಸಲಿ ಎನ್ನಿಸಿ, ಮಾರನೆಯ ಬೆಳಿಗ್ಗೆ ತಗಡಿನ ಟ್ರಂಕಿನಿಂದ ಮೂಲ ಹಾಳೆಯನ್ನೇ ಹುಡುಕಿ ತೆಗೆದೆ. ಹಾಳೆ ಹಳದಿಯಾಗಿತ್ತು. ಧೂಳು ಕೊಡವಲು ಮಗುಚಿದೆ.

ಹಿಂಬದಿಯಲ್ಲೂ ಬರಹವಿತ್ತು.

ಓದಿದೆ. ಕೂತುಕೊಂಡು ಇನ್ನೊಂದು ಸಲ ಓದಿದೆ. ಆಮೇಲೆ ಮುಂಬದಿಯ ಮೂಲೆ ನೋಡಿದೆ. ಸ್ಕ್ಯಾನ್ ಮಾಡಿದವರು ಅಲ್ಲಿ ಸಹಿ ಹಾಕುವುದು ನಮ್ಮ ವಾಡಿಕೆ. ನೇರವಾದ, ಸುತ್ತುಬಳಸಿಲ್ಲದ ಸಹಿ, ಸರ್ವಮಂಗಳ ಎಂದು. ನಾನು ಕೆಲಸಕ್ಕೆ ಸೇರಿದ ಮೊದಲ ವಾರವದು. ಒಂದೇ ದಿನದಲ್ಲಿ ನಲವತ್ತು ಪುಟ ಸ್ಕ್ಯಾನ್ ಮಾಡಿದ್ದೆ ಎಂದು ಇವತ್ತಿಗೂ ಜಂಬ ಕೊಚ್ಚಿಕೊಳ್ಳುತ್ತೇನೆ. ಒಂದು ಹಾಳೆಯನ್ನಾದರೂ ತಿರುಗಿಸಿ ನೋಡಿರಲಿಲ್ಲ.

ಪದ್ಮರಾಜಯ್ಯನವರ ಮುಂದೆ ಹಾಳೆಯನ್ನಿಟ್ಟೆ. ಅವರು ಓದಿ ಹಾಳೆಯನ್ನು ಮೆಲ್ಲಗೆ ಮಗುಚಿಟ್ಟರು. "ಮೂರು ಚೀಟಿ ಬಂದಾಗಲೂ ನಾನು ಟ್ರಂಕು ತೆಗೆಯಲಿಲ್ಲ. ಸತ್ತವರ ಹಾಳೆ, ಮುಟ್ಟುವುದು ಬೇಡ ಅಂತ ಬಿಟ್ಟೆ. ಮರ್ಯಾದೆ ಕೊಟ್ಟೆವು ಅಂದುಕೊಂಡು ಓದದೇ ಕೂತೆವಲ್ಲ ಮಂಗಳಮ್ಮ," ಎಂದರು. ತಪ್ಪಿನಲ್ಲಿ ನನ್ನನ್ನು ಒಬ್ಬಳನ್ನೇ ಬಿಡಬಾರದೆಂದು ಹಾಗೆ ಹೇಳಿದರೆಂದು ಗೊತ್ತು. ಆದರೂ ಸಹಿ ನನ್ನದೇ. ದಿನಕ್ಕೆ ನಾಲ್ಕು ಕೊಡ, ಇಪ್ಪತ್ತೆರಡು ವರ್ಷ. ಆ ನಡಿಗೆಯೆಲ್ಲ ನನ್ನ ಒಂದು ಅವಸರದಿಂದ ಆದದ್ದು. ಕುಂಬಾರಗೇರಿಗೆ ಹೋಗುವ ದಾರಿ ಅಷ್ಟು ಉದ್ದವೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ತಾಯಿ ಮಗಳು ಇಬ್ಬರೂ ಜಗುಲಿಯ ಮೇಲಿದ್ದರು. ಸಣ್ಣತಾಯಿ ಕೆಲಸಕ್ಕೆ ಹೋಗಿರಲಿಲ್ಲ. ನಾನು ಕೂರಲಿಲ್ಲ. ಮೊದಲು ತಪ್ಪು ಒಪ್ಪಿಕೊಂಡು ಆಮೇಲೆ ಓದಬೇಕು ಎಂದುಕೊಂಡಿದ್ದೆ, ಬಾಯಿ ಬರಲಿಲ್ಲ. ಮೊದಲು ಮುಂಬದಿ ಓದಿದೆ. ಹನ್ನೊಂದು ಮನೆಗಳ ಹೆಸರು, ಯಾರ ಮನೆಯಲ್ಲಿ ಮುದುಕರಿದ್ದಾರೆ, ಯಾರ ಕೊಡ ಸೋರುತ್ತದೆ, ಅದಕ್ಕೆ ಒಂದು ಬಿಂದಿಗೆ ಹೆಚ್ಚಿಗೆ ಬಿಡಬೇಕು, ಎಲ್ಲ. ಕೂಸು ಮಲಗಿದೆ ಎನ್ನುವಲ್ಲಿ ಸಣ್ಣತಾಯಿ ತಾಯಿಯ ಮಂಡಿಯ ಮೇಲೆ ಕೈಯಿಟ್ಟಳು. ಆಮೇಲೆ ಹಾಳೆಯನ್ನು ಮಗುಚಿ ಹಿಂಬದಿ ಓದಿದೆ.

"ಹನ್ನೆರಡನೇ ಮನೆ ನಮ್ಮದು. ನಮ್ಮ ಮನೆ ಸಾಲು ನಾನು ಬರೆಯುವ ಹಾಗಿಲ್ಲವಂತೆ, ನಿಯಮವಂತೆ, ಸರಿಯೇ. ಕೈಪಿಡಿ ಮನೆಯವರು ಯಾರಾದರೂ ದಯಮಾಡಿ ಬರೆದುಕೊಳ್ಳಬೇಕು. ಅಲ್ಲಿಯವರೆಗೆ ನಾನೇ ಹೊತ್ತು ತರುತ್ತೇನೆ, ತೊಂದರೆ ಇಲ್ಲ. ಇನ್ನೂ ಏನಾದರೂ ತಪ್ಪಿದ್ದರೆ ತಿದ್ದಬೇಕು, ನನ್ನನ್ನು ಕೇಳುವುದು ಬೇಡ. ಬರೆದುಕೊಟ್ಟವರು ನಮ್ಮ ಮನೆಗೆ ಬಂದು ಮಜ್ಜಿಗೆ ಕುಡಿದು ಹೋಗಬೇಕು. ನಮ್ಮವಳು ಮಜ್ಜಿಗೆಗೆ ಶುಂಠಿ ಜಾಸ್ತಿ ಹಾಕುತ್ತಾಳೆ. ಆದರೂ ಚೆನ್ನಾಗಿರುತ್ತದೆ."

ದೇವೀರಮ್ಮ, "ಶುಂಠಿ ಜಾಸ್ತಿನಾ!" ಎಂದಳು. "ಹದಿನಾರು ವರ್ಷ ಬಾಳಿದ್ವಿ. ಒಂದಿನಾನೂ ಎದ್ರಿಗೆ ಅಂದೋನಲ್ಲ. ಕುಡದು ಲೋಟ ಮಡಗಿ, ಚೆಂದಾಗದೆ ಅಂತ ಹೋಗೋನು. ಊರಿಗೆಲ್ಲ ಬರದಿಟ್ಟು ಹೋಗವ್ನೆ ನೋಡು!" ಅವಳು ನಗಲು ಶುರು ಮಾಡಿದಳು. ನಗುತ್ತ ನಗುತ್ತಲೇ ಅದು ಅಳುವಾಯಿತು. ಸಣ್ಣತಾಯಿ ತಾಯಿಯನ್ನು ತಬ್ಬಿಕೊಂಡಳು. ನಾನು ಹಾಳೆ ಹಿಡಿದುಕೊಂಡು ಕಂಬದಂತೆ ನಿಂತಿದ್ದೆ.

ಆಗ ಹೇಳಿದೆ. "ಇದನ್ನು ತಿರುಗಿಸಿ ನೋಡದೇ ಸ್ಕ್ಯಾನ್ ಮಾಡಿದವಳು ನಾನು ದೇವೀರಮ್ಮ. ಸಹಿ ನನ್ನದೇ ಇದೆ. ನೀವು ಹೊತ್ತ ನೀರೆಲ್ಲ ನನ್ನಿಂದ."

ಅವಳು ಕಣ್ಣೊರೆಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಬಯ್ಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಕೈ ನೀಡಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ನೀನು ಅವತ್ತೇ ತಿರುಗಿಸಿ ನೋಡಿದ್ದಿದ್ರೆ ಅವತ್ತೇ ತಿದ್ದುಬುಡ್ತಿದ್ರಿ. ಕೂಸು ತೊಟ್ಟಿಲಲ್ಲೇ ಅಪ್ಪನ ಕಳ್ಕತಿತ್ತು. ಇವಳು ಇಪ್ಪತ್ತೆರಡು ವರ್ಷ ಕೇಳಿಸ್ಕಂಡ್ಲು. ನೀರು ಹೊತ್ತಿದ್ದೇನು ದೊಡ್ಡದು ಬುಡು." ಆಮೇಲೆ ಹಾಳೆಯ ಮೇಲೆ ಬೆರಳಾಡಿಸಿದಳು, ಅಕ್ಷರದಿಂದ ಅಕ್ಷರಕ್ಕೆ. "ಆವಯ್ಯನೇ ಬರೀರಿ ಅಂದವ್ನೆ ಅಂದ್ಮೇಲೆ ನಾನ್ಯಾರು ಬ್ಯಾಡ ಅನ್ನಾಕೆ? ಬರಿಯವ್ವ. ನೀನೇ ಬರಿ."

"ನನ್ನ ಕೈ ಒಣಕಲು. ಕಲ್ಯಾಣಿಯ ಹತ್ತಿರ ಬರೆಸೋಣ," ಎಂದೆ.

"ಬ್ಯಾಡ. ತಪ್ಪು ಮಾಡಿದೋರು ತಿದ್ಲಿ," ಎಂದಳು. ಮಾತು ಗದರಿದ ಹಾಗಿತ್ತು, ಕೈ ನನ್ನ ಬೆನ್ನ ಮೇಲಿತ್ತು.

ಅಲ್ಲೇ ಜಗುಲಿಯ ಮೇಲೆ ಕೂತು ಹೊಸ ಪುಟ ಬರೆದೆ. ಅವನ ಸಾಲುಗಳನ್ನೇ ಇಳಿಸಿಕೊಂಡೆ, ಸತ್ತವರ ಹೆಸರು ತೆಗೆದು ಮನೆಯಲ್ಲಿ ಈಗಿರುವವರ ಹೆಸರು ಹಾಕಿದೆ. ಕೂಸಿನ ಸಾಲಿಗೆ ಬಂದು ಪೆನ್ನು ನಿಂತಿತು. ಸಣ್ಣತಾಯಿ ಬಗ್ಗಿ ನೋಡಿದಳು.

"ಅದೂ ತಿದ್ದಬೇಕಲ್ವಾ ಅಕ್ಕ? ಹಳೇದಾಯ್ತು. ಕೂಸು ಎದ್ದು ಕೆಲಸಕ್ಕೆ ಹೋಗ್ತಾ ಅದೆ."

ಅವಳು ಹೇಳಿದ ಹಾಗೆಯೇ ಬರೆದೆ. ಕೂಸು ಎದ್ದಿದೆ, ಸದ್ದಾದರೂ ಚಿಂತೆಯಿಲ್ಲ. ಕೊನೆಯಲ್ಲಿ, ಹನ್ನೆರಡನೆಯ ಮನೆ, ನೀರುಗಂಟಿ ಮರಿಸ್ವಾಮಿಯವರದು, ಎಲ್ಲರಿಗೆ ಎಷ್ಟೋ ಅಷ್ಟೇ ನೀರು, ಎಂದು ಸೇರಿಸಿದೆ. ಚೀಟಿಯ ಮೇಲಿನ ಅಡ್ಡಗೀಟನ್ನು ದೇವೀರಮ್ಮ ತಾನೇ ಒದ್ದೆ ಬಟ್ಟೆಯಿಂದ ಒರೆಸಿದಳು. ಎಂಟು ದಿನ ಕಾದೆವು. ಆ ಎಂಟು ದಿನವೂ ಸಂಜೆ ನಾಲ್ಕಕ್ಕೆ ಸಣ್ಣತಾಯಿ ಕಾರ್ಖಾನೆಯಿಂದ ಅಪ್ಪಣೆ ಪಡೆದು ಬಂದು, ಪಕ್ಕದ ಮನೆಯ ನಲ್ಲಿಯ ಹತ್ತಿರ ನಿಂತು ಕೆಮ್ಮು ಕೇಳಿಸಿಕೊಂಡು ಹೋಗುತ್ತಿದ್ದಳು. ಕೇರಿಯವರು ಆ ಹೊತ್ತಿನಲ್ಲಿ ಮಾತು ನಿಲ್ಲಿಸುತ್ತಿದ್ದರು.

ಒಂಬತ್ತನೆಯ ದಿನ ಪದ್ಮರಾಜಯ್ಯನವರು ಹೊಸ ಹಾಳೆಯನ್ನು ಎರಡೂ ಬದಿ ತಿರುಗಿಸಿ ನೋಡಿ, ಖಾಲಿ ಇದ್ದ ಬದಿಯನ್ನೂ ಸ್ಕ್ಯಾನ್ ಮಾಡಿಸಿದರು. ನಾಲ್ಕಕ್ಕೆ ಸ್ವಲ್ಪ ಮುಂಚೆ ನಾನು ಕುಂಬಾರಗೇರಿಯಲ್ಲಿದ್ದೆ. ದೇವೀರಮ್ಮ ಬಾಗಿಲಿನ ನಲ್ಲಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಜೇಡನ ಬಲೆ ತೆಗೆದು, ಕೆಳಗೆ ತಾಮ್ರದ ಕೊಡ ಇಟ್ಟಿದ್ದಳು.

ನಾಲ್ಕು ಗಂಟೆಗೆ ಹನ್ನೊಂದು ನಲ್ಲಿಗಳೂ ಒಟ್ಟಿಗೆ ಬಂದವು. ಕೆಮ್ಮಿಲ್ಲ, ಸಣ್ಣ ಧಾರೆಯಿಲ್ಲ, ನೇರವಾಗಿ ತಳಕ್ಕೇ. ಹನ್ನೊಂದು ಕೊಡಗಳು ಒಂದೇ ಸಲಕ್ಕೆ ಢಣ್ ಎಂದವು. ಯಾರೋ ಬೆಚ್ಚಿ ಹಿಂದೆ ಸರಿದರು. ನನ್ನದೇ ನೀರು, ಆರೂ ಕಾಲಿಗೆ ಹತ್ತುವ ದೀಪಗಳ ಅಕ್ಕತಂಗಿ. ನನಗೆ ನೆಲ ನೋಡುವಂತಾಯಿತು. ಸಣ್ಣತಾಯಿ ತುಟಿ ಕಚ್ಚಿಕೊಂಡು ತನ್ನ ಮನೆಯ ನಲ್ಲಿಯನ್ನೇ ನೋಡುತ್ತಿದ್ದಳು. ಅದು ಮಾತ್ರ ಬಂದಿರಲಿಲ್ಲ.

ಆಮೇಲೆ ಅದರೊಳಗೆ ಏನೋ ಅಲುಗಾಡಿತು. ನಲ್ಲಿ ಒಂದು ಸಲ ಕೆಮ್ಮಿತು. ತಡೆದು, ಇನ್ನೊಂದು ಸಲ. ಕೆಂಪಗಿನ ಒಂದೆಳೆ ನೀರು ಕೊಡದ ಒಳಮೈಗೆ ಒರಗಿಕೊಂಡು, ಸದ್ದಿಲ್ಲದೆ ಇಳಿಯಿತು.

ದೇವೀರಮ್ಮ ನಲ್ಲಿಯ ಮೇಲೆ ಕೈಯಿಟ್ಟಳು. "ಬಂದ್ಯಾ?" ಎಂದಳು, ಕೆಲಸ ಮುಗಿಸಿ ಬಂದವರನ್ನು ಕೇಳುವಂತೆ. "ಕೂಸು ಎದ್ದದೆ ಕಣಯ್ಯ. ಜೋರಾಗೇ ಬುಡು."

ನೀರು ತಿಳಿಯಾಯಿತು, ಜೋರಾಯಿತು, ತಾಮ್ರದ ಕೊಡ ಢಣ್ ಎಂದಿತು. ಸಣ್ಣತಾಯಿ ನಗುತ್ತ ಅಳುತ್ತ ಎರಡೂ ಕೈ ಒಡ್ಡಿ ಮುಖ ತೊಳೆದುಕೊಂಡಳು. ಇಪ್ಪತ್ತೆರಡು ವರ್ಷ ಒಣಗಿದ ಪೈಪಿನಲ್ಲಿ ಗಾಳಿ ತುಂಬಿರುತ್ತದೆ, ತುಕ್ಕು ಇರುತ್ತದೆ, ಮೊದಲ ಸಲ ನೀರು ಬರುವಾಗ ಹಾಗೆಯೇ ಆಗುತ್ತದೆ. ಈ ವಿವರ ಸರಾಗದ ಕೈಪಿಡಿಯ ಇನ್ನೊಂದು ಪುಟದಲ್ಲಿದೆ, ಬರೆದವಳೂ ನಾನೇ. ಅವತ್ತು ಮಾತ್ರ ಅದನ್ನು ಯಾರಿಗೂ ಹೇಳಲಿಲ್ಲ. ಮಾರನೆಯ ದಿನದಿಂದ ಅಲ್ಲೂ ನನ್ನ ನೀರೇ ಬಂತು, ನಾಲ್ಕಕ್ಕೆ ಸರಿಯಾಗಿ.

ಕೊಡ ತುಂಬಿದ ಮೇಲೆ ದೇವೀರಮ್ಮ ನನ್ನನ್ನು ಒಳಗೆ ಕರೆದು ಮಣೆ ಹಾಕಿದಳು. ತಿಳಿಯಾದ ಮೇಲೆ ಹಿಡಿದಿಟ್ಟ ನೀರಿನಲ್ಲೇ ಮಜ್ಜಿಗೆ ಕಡೆದು, ಲೋಟದ ತುಂಬ ಕೊಟ್ಟು, ನಾನು ಕುಡಿಯುವುದನ್ನು ಎದುರಿಗೆ ಕೂತು ನೋಡಿದಳು. ಗಂಟಲು ಉರಿದು ನನಗೂ ಎರಡು ಸಲ ಕೆಮ್ಮು ಬಂತು.

"ಹೆಂಗದೆ?" ಎಂದಳು.

"ಶುಂಠಿ ಜಾಸ್ತಿ," ಎಂದೆ.

ದೇವೀರಮ್ಮ ಮಗಳ ಕಡೆ ತಿರುಗಿ, "ನೋಡ್ದಾ, ಇವಳು ಎದ್ರಿಗೇ ಅಂದ್ಲು," ಎಂದಳು. ಅವಳ ಮುಖ ಅರಳಿತ್ತು. ನನ್ನ ಕೈಯಿಂದ ಲೋಟ ಈಸಿಕೊಂಡು ಮತ್ತೆ ತುಂಬಿಸಿದಳು.